ಹೂವು ಹೆಣಕ್ಕೇ ಏಕೆ?

ಹತ್ತರಗಿಯ ಟೋಲ್ ದಾಟಿ ಊರೊಳಗೆ ಹೊರಳುವಲ್ಲಿ ಕಳೆದ ವರ್ಷ ಒಂದು ಫ್ಲೆಕ್ಸ್ ನಿಂತಿತ್ತು. ‘ಭಾವಪೂರ್ಣ ಶ್ರದ್ಧಾಂಜಲಿ’, ‘ಪಾರಿಜಾತದ ಮೇರು ಕಲಾವಿದ’, ‘ತುಂಬಲಾರದ ನಷ್ಟ’. ನಡುವೆ ಅಜ್ಜನ ಫೋಟೊ, ಆಧಾರ್ ಕಾರ್ಡಿನದು. ಬೇರೆ ಫೋಟೊ ಯಾರ ಹತ್ತಿರವೂ ಇರಲಿಲ್ಲ. ಕೆಳಗೆ ಶೋಕಿಸುವವರ 22 ಮುಖಗಳು. ಅವರನ್ನು ಬೈಯಲು ಈ ಬರಹವಲ್ಲ. ಆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವನು ನಾನು.

ಶ್ರೀಕೃಷ್ಣ ಪಾರಿಜಾತದ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ಆಟವಾಗಿ ಬೆಳೆಸಿದ್ದು, ಕೌಜಲಗಿ ನಿಂಗಮ್ಮ ಅದಕ್ಕೆ ಹೆಸರು ತಂದದ್ದು ನಮ್ಮ ಈ ಗೋಕಾಕ ಸೀಮೆಯಲ್ಲೇ. ಅಜ್ಜ ವಯಸ್ಸಿನಲ್ಲಿದ್ದಾಗ ಹಿಮ್ಮೇಳದಲ್ಲಿ ಹಾಡಿದವರು. ಎರಡು ವರ್ಷ ಅವರ ಮನೆಯ ಕಟ್ಟೆಯ ಮೇಲೆ ಕೂತು 11 ತಾಸು ಹಾಡು, ಮಾತು ರೆಕಾರ್ಡ್ ಮಾಡಿಕೊಂಡೆ. ನಾನು ಎದ್ದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ ಮಾತು: “ಬರದದ್ದ ಒಮ್ಮೆ ಓದಿ ತೋರಸಲ್ಲೋ ತಮ್ಮಾ.” ನಾನು ಹೇಳುತ್ತಿದ್ದುದೂ ಒಂದೇ: “ಮುಗೀಲಿ ತಡೀರಿ ಅಜ್ಜಾರ, ಪುಸ್ತಕಾನ ತರತೇನಿ.”

ಪುಸ್ತಕ ಇನ್ನೂ ಮುಗಿದಿಲ್ಲ. ಅಜ್ಜ ಮುಗಿದುಹೋದರು.

ನಮ್ಮ ಪ್ರಬಂಧಗಳಲ್ಲಿ ಇಂಥವರ ಜಾಗ ನಿಮಗೆ ಗೊತ್ತೇ ಇದೆ. ಕೊನೆಯ ಅನುಬಂಧ, ‘ವಕ್ತೃಗಳ ವಿವರ’: ಕ್ರಮ ಸಂಖ್ಯೆ, ಹೆಸರು, ವಯಸ್ಸು, ಜಾತಿ, ಕಸುಬು. ಕೃತಜ್ಞತೆಯ ಪುಟ ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿ ‘ಈ ಅಜ್ಜ ಇಲ್ಲದಿದ್ದರೆ ಈ ಪ್ರಬಂಧವೇ ಇಲ್ಲ’ ಎಂದು ಬರೆಯುವ ಮನಸ್ಸಿತ್ತು. ಆ ಸಾಲನ್ನು ಪರೀಕ್ಷಕರು ಓದುತ್ತಾರೆ. ಕೇಳಬೇಕಾಗಿದ್ದವರು ಕೇಳಲೇ ಇಲ್ಲ.

ಸತ್ತವರನ್ನು ಹೊಗಳುವುದು ಸುಲಭ, ಏಕೆಂದರೆ ಅವರು ತಿರುಗಿ ಏನನ್ನೂ ಕೇಳುವುದಿಲ್ಲ. ಬದುಕಿದ್ದವರಿಗೆ ‘ನೀವು ನಮಗೆ ಬೇಕು’ ಅಂದುಬಿಟ್ಟರೆ ಮರುದಿನ ಅವರ ಕಣ್ಣಿನ ಆಪರೇಷನ್ನಿಗೆ ಜೊತೆ ಹೋಗಬೇಕು, ಮಾಸಾಶನದ ಅರ್ಜಿ ತುಂಬಿಕೊಡಬೇಕು, ಬರೆದದ್ದನ್ನು ಓದಿ ತೋರಿಸಿ ‘ತಪ್ಪು’ ಅನ್ನಿಸಿಕೊಳ್ಳಬೇಕು. ನಮ್ಮ ಮೌನಕ್ಕೆ ನಾವು ಸಂಕೋಚ ಎಂದು ಹೆಸರಿಟ್ಟಿದ್ದೇವೆ. ಅದು ಸಾಲಗಾರನ ಜಾಣತನ.

‘ನಮ್ಮ ಕಡೆ ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಊಟಾ ಆತೇನು ಅನ್ನುವುದರಲ್ಲೇ ಎಲ್ಲ ಇದೆ’ ಎನ್ನುವ ಗೆಳೆಯರಿದ್ದಾರೆ. ಅರ್ಧ ಒಪ್ಪುತ್ತೇನೆ. ಆದರೆ ಹಾಗೆ ಕೇಳುವವರು ಯಾರು? ಅವ್ವ, ಅಜ್ಜಿ, ಅತ್ತಿ. ನೀ ಉಂಡೇನು ಎಂದು ಅವರನ್ನು ಕೇಳಿದವರು ಎಷ್ಟು ಜನ? ಇನ್ನು, ಬಾಯಿಬಿಡದ ಜನ ನಾವಾಗಿದ್ದರೆ, ಶ್ರದ್ಧಾಂಜಲಿ ಸಭೆಯಲ್ಲಿ ಅರ್ಧ ತಾಸು ಮೈಕ್ ಬಿಡದ ಆ ಬಾಯಿ ಎಲ್ಲಿಂದ ಬಂತು?

ಸಾಹಿತ್ಯಲೋಕಕ್ಕೆ ಈ ರೂಢಿ ಗೊತ್ತಿಲ್ಲವೆಂದಲ್ಲ. 1941ರಲ್ಲಿ ಬಿ.ಎಂ.ಶ್ರೀ ಅವರಿಗೆ ‘ಸಂಭಾವನೆ’ ಗ್ರಂಥ ಅರ್ಪಿಸಿದಾಗ ಅವರು ಬದುಕಿದ್ದರು. ತೀರಿಕೊಂಡದ್ದು 1946ರಲ್ಲಿ. ಆಮೇಲೆ ಅಭಿನಂದನ ಗ್ರಂಥಗಳು ಸಾಲುಗಟ್ಟಿದವು, ಹೆಚ್ಚಾಗಿ ಹುದ್ದೆ, ಹೆಸರು ಇದ್ದವರಿಗೆ. ಅನುಬಂಧದಲ್ಲಿ ಕೂತವರಿಗೆ ಯಾವ ಗ್ರಂಥ? ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆಯಾಟದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆಗ ಅವರಿಗೆ 96 ವರ್ಷ. ನಾವು ಮೆಚ್ಚಿದ್ದೇವೆಂದು ತಿಳಿಯಲು ಕಲಾವಿದರು ಅಷ್ಟು ವರ್ಷ ಗಟ್ಟಿಯಾಗಿ ಬದುಕಿರಬೇಕೇ?

ಪಾರಿಜಾತದ ಕಥೆಯೂ ಇದೇ ಜಗಳದ್ದು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ. ಸತ್ಯಭಾಮೆ ಮುನಿದಳು, ನನ್ನ ಪಾಲಿನದೆಲ್ಲಿ ಎಂದಳು. ನನ್ನ ಮೊದಲ ಅಧ್ಯಾಯದಲ್ಲಿ ನಾನು ಅದನ್ನು ಅಹಂಕಾರ ಎಂದು ಬರೆದಿದ್ದೆ. ಈಗ ಆ ಪುಟ ತಿದ್ದುತ್ತಿದ್ದೇನೆ. ತಾನು ಬೇಕಾದವಳು ಎಂಬುದನ್ನು ತನ್ನ ಕಿವಿಯಾರೆ ಕೇಳಬೇಕೆಂಬುದು ಅಹಂಕಾರವಲ್ಲ. ಅಜ್ಜ ಎರಡು ವರ್ಷ ಕೇಳಿದ್ದೂ ಅದನ್ನೇ, ಮುನಿಯದೆ ಕೇಳಿದರು ಅಷ್ಟೆ.

ಹೋದ ವಾರ ಅಜ್ಜನ ಜೊತೆ ತಾಳ ಹಾಕುತ್ತಿದ್ದ ಹಿರಿಯರೊಬ್ಬರ ಮುಂದೆ ಕೂತು ಎರಡನೆಯ ಅಧ್ಯಾಯ ಓದಿದೆ. ಎರಡು ಕಡೆ “ಹಂಗಲ್ಲೋ” ಎಂದು ತಿದ್ದಿದರು. “ನೀವು ಉಳಿಸಿಕೊಂಡಿದ್ದಕ್ಕ ಇದು ಉಳದೈತ್ರಿ” ಎಂದೆ. ಹೇಳುವಾಗ ನಾಚಿಕೆಯಾಯಿತು, ನಿಜ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಅಂವಾ ಕೇಳಬೇಕಿತ್ತ” ಎಂದರು.

ಸಂಶೋಧಕ ಗೆಳೆಯರೇ, ಅಧ್ಯಾಯವನ್ನು ಮಾರ್ಗದರ್ಶಕರಿಗೆ ಕೊಡುವ ಮೊದಲು ವಕ್ತೃವಿಗೆ ಓದಿ. ಉಳಿದವರೇ, ನಿಮ್ಮ ಬದುಕಿನ ಅನುಬಂಧದಲ್ಲಿ ಇನ್ನೂ ಉಸಿರಾಡುತ್ತಿರುವವರು ಯಾರೆಂದು ನಿಮಗೆ ಗೊತ್ತಿದೆ. ಇದನ್ನು ಶೇರ್ ಮಾಡುವುದು ಬೇಡ. ಅವರಿಗೆ ಫೋನ್ ಮಾಡಿ.