ದುರಸ್ತಿಗೆ ಸುಂಕವೇಕೆ?

2025ರ ಅಕ್ಟೋಬರ್ 14ರಂದು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10 ಎಂಬ ತನ್ನ ತಂತ್ರಾಂಶಕ್ಕೆ ಒದಗಿಸುತ್ತಿದ್ದ ಉಚಿತ ದುರಸ್ತಿಯನ್ನು ನಿಲ್ಲಿಸಿತು. ದೊಡ್ಡ ನಗರಗಳ ದೊಡ್ಡ ಕಚೇರಿಗಳಿಗೆ ಇದು ಲೆಕ್ಕದ ಪುಸ್ತಕದ ಒಂದು ಖರ್ಚಿನ ಬಾಬು ಮಾತ್ರ. ನಮ್ಮ ತಾಲ್ಲೂಕು ಕೇಂದ್ರಗಳ ಜೆರಾಕ್ಸ್ ಅಂಗಡಿ, ಸಹಕಾರ ಸಂಘ, ಸಣ್ಣ ಅಚ್ಚುಕೂಟ, ಹಳ್ಳಿಯ ಪ್ರೌಢಶಾಲೆ, ಸಾಲ ಮಾಡಿ ಮಗಳಿಗೊಂದು ಹಳೆಯ ಕಂಪ್ಯೂಟರು ಕೊಡಿಸಿದ ಸಂಸಾರ, ಇವರ ಪಾಲಿಗೆ ಅದು ಅಷ್ಟು ಸಣ್ಣ ಮಾತಲ್ಲ.

ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರ ವರೆಗೆ ದುರಸ್ತಿ ಬೇಕೆನ್ನುವ ಮನೆಬಳಕೆದಾರರ ಮುಂದೆ ಕಂಪನಿಯು ಆಗ ಮೂರು ದಾರಿಗಳನ್ನು ಇಟ್ಟಿತು. 30 ಡಾಲರ್ ಹಣ ತೆರಬೇಕು. ಇಲ್ಲವೆ ತಮ್ಮ ಯಂತ್ರದ ಸೆಟ್ಟಿಂಗುಗಳ ನಕಲನ್ನು ಕಂಪನಿಯ ಉಗ್ರಾಣಕ್ಕೆ ಒಪ್ಪಿಸಬೇಕು. ಅದೂ ಇಲ್ಲವೆ ಕಂಪನಿಯ ಶೋಧಯಂತ್ರ ಮುಂತಾದವನ್ನು ಬಳಸಿ ಗಳಿಸುವ ‘ರಿವಾರ್ಡ್ಸ್’ ಅಂಕಗಳಲ್ಲಿ 1000ವನ್ನು ಕೊಡಬೇಕು. ಯಾವ ದಾರಿ ಹಿಡಿದರೂ ಕಂಪನಿಯಲ್ಲಿ ಹೆಸರು ಬರೆಸಿ ಖಾತೆ ತೆರೆಯುವುದು ತಪ್ಪಲಿಲ್ಲ. ಹಣ ಕೊಟ್ಟವನಿಗೂ ತಪ್ಪಲಿಲ್ಲ. ಗ್ರಾಹಕ ಸಂಘಗಳು ಪಟ್ಟು ಹಿಡಿದ ಮೇಲೆ ಯೂರೋಪಿನ ಆರ್ಥಿಕ ವಲಯದ ದೇಶಗಳಿಗೆ ಮಾತ್ರ ಹಣವೂ ಬೇಡ, ನಕಲೂ ಬೇಡ, ಖಾತೆಯೊಂದಿದ್ದರೆ ಸಾಕು ಎಂದು 2025ರ ಸೆಪ್ಟೆಂಬರಿನಲ್ಲಿ ರಿಯಾಯಿತಿ ತೋರಿತು. ಅದೇ ಯಂತ್ರ, ಅದೇ ತಂತ್ರಾಂಶ, ಅದೇ ದುರಸ್ತಿ. ಪ್ಯಾರಿಸ್ಸಿನವನಿಗೆ ಒಂದು ಬೆಲೆ, ದಾವಣಗೆರೆಯವನಿಗೆ ಇನ್ನೊಂದು ಬೆಲೆ. ಈ ವ್ಯತ್ಯಾಸಕ್ಕೆ ತಂತ್ರವಿದ್ಯೆಯಲ್ಲಿ ಯಾವ ಕಾರಣವೂ ಇಲ್ಲ. ಅಲ್ಲಿ ಕೇಳುವವರಿದ್ದರು, ಇಲ್ಲಿ ಇರಲಿಲ್ಲ.

ಈ ವಿಷಯದಲ್ಲಿ ನಾವು ಹೇಳತಕ್ಕದ್ದು ಒಂದೇ ಮಾತು. ಮಾರಿದ ವಸ್ತುವಿನ ದೋಷವನ್ನು ಸರಿಪಡಿಸುವುದು ಮಾರಿದವನ ಕರ್ತವ್ಯ. ಅದು ಅವನು ತೋರುವ ದಯೆಯಲ್ಲ. ಆ ದುರಸ್ತಿಯ ಗಾಡಿಯಲ್ಲಿಯೇ ಜಾಹೀರಾತನ್ನೂ ಗೂಢಚಾರನನ್ನೂ ಕೂರಿಸಿ ನಮ್ಮ ಮನೆಯೊಳಕ್ಕೆ ತರುವುದು ಅನ್ಯಾಯ. ದುರಸ್ತಿ ಬೇರೆ, ಸುಂಕ ಬೇರೆ. ಇವೆರಡರ ಗಂಟನ್ನು ಬಿಚ್ಚಬೇಕು.

ಕಂಪ್ಯೂಟರಿನ ಒಳಗುಟ್ಟು ತಿಳಿಯದ ವಾಚಕರಿಗಾಗಿ ಒಂದೆರಡು ಮಾತು. ಆಪರೇಟಿಂಗ್ ಸಿಸ್ಟಂ ಎಂಬುದು ಕಂಪ್ಯೂಟರಿನ ಮೇಟಿ. ಕೀಲಿಮಣೆ, ಪರದೆ, ಕಡತ, ಅಚ್ಚಿನ ಯಂತ್ರ ಎಲ್ಲವೂ ಅದರ ಅಪ್ಪಣೆಯಂತೆ ನಡೆಯತಕ್ಕವು. ಕೋಟಿಗಟ್ಟಲೆ ಸಾಲುಗಳ ಇಂಥ ಬರವಣಿಗೆಯಲ್ಲಿ ತಪ್ಪುಗಳು ಉಳಿಯುವುದು ಸಹಜ. ಆ ತಪ್ಪುಗಳ ಬಿರುಕಿನಿಂದಲೇ ಕಳ್ಳರು ಒಳಗೆ ನುಗ್ಗುತ್ತಾರೆ. ಆದ್ದರಿಂದ ಕಾಲಕಾಲಕ್ಕೆ ತೇಪೆ ಹಾಕುತ್ತಿರಬೇಕು. ಹಾಕದಿದ್ದರೆ ಏನಾಗುತ್ತದೆಂಬುದಕ್ಕೆ 2017ರ ‘ವಾನಾಕ್ರೈ’ ಹಾವಳಿಯೇ ಸಾಕ್ಷಿ. ತೇಪೆ ಮಾರ್ಚಿಯಲ್ಲಿಯೇ ಸಿದ್ಧವಾಗಿತ್ತು. ಹಾಕಿಕೊಳ್ಳದವರ ಮೇಲೆ ಮೇ 12ರಂದು ದಾಳಿ ಬಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರುಗಳು ಸ್ತಬ್ಧವಾಗಿ, ರೋಗಿಗಳನ್ನು ಹಿಂದಕ್ಕೆ ಕಳಿಸುವ ಪ್ರಸಂಗ ಬಂತು. ಆದಕಾರಣ ದುರಸ್ತಿಯನ್ನೇ ನಿಲ್ಲಿಸಿ ಕುಳಿತುಕೊಳ್ಳಿರಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಅದು ಊರಿಗೆ ಕಾಲರಾ ಬಂದಾಗ ಚುಚ್ಚುಮದ್ದು ಬೇಡವೆಂದಂತೆ. ಚುಚ್ಚುಮದ್ದು ಅನಿವಾರ್ಯವಾದುದರಿಂದಲೇ, ಅದನ್ನು ಕೊಡುವವನು ಸೂಜಿ ಹಿಡಿದುಕೊಂಡು ಬೇರೆ ಕರಾರುಗಳಿಗೆ ರುಜು ಕೇಳಬಾರದು.

ಈ ಕರಾರಿನ ಚರಿತ್ರೆ ನೆನ್ನೆ ಮೊನ್ನೆಯದಲ್ಲ. 2015ರ ಜುಲೈ 29ರಂದು ವಿಂಡೋಸ್ 10 ಹೊರಬಂದಾಗ, ಹಳೆಯ ವಿಂಡೋಸ್ 7 ಮತ್ತು 8.1 ಇಟ್ಟುಕೊಂಡವರಿಗೆ ಒಂದು ವರ್ಷದ ಕಾಲ ಅದನ್ನು ಪುಕ್ಕಟೆಯಾಗಿ ಕೊಡುವುದಾಗಿ ಕಂಪನಿ ಸಾರಿತು. ಬಂಡವಳಿಗನು ಪುಕ್ಕಟೆ ಕೊಡುವಾಗ ಜನ ಎಚ್ಚರವಾಗಿರಬೇಕು. ಆ ಕೊಡುಗೆಯೊಳಗೆ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಜಾಹೀರಾತು ಗುರುತುಸಂಖ್ಯೆ ಇತ್ತು. ಯಾರು ಯಾವುದನ್ನು ನೋಡಿದರು, ಯಾವುದನ್ನು ಬಯಸಿದರು ಎಂಬುದನ್ನು ಹೊಂದಿಸಿ, ತಕ್ಕ ಸರಕನ್ನು ಅವರ ಕಣ್ಣೆದುರಿಗೆ ಹಿಡಿಯುವ ಉಪಾಯವಿದು. ಜೊತೆಗೆ ‘ಟೆಲಿಮೆಟ್ರಿ’ ಎಂಬ ವರದಿ ವ್ಯವಸ್ಥೆ ಬಂತು. ಯಂತ್ರದ ಆಗುಹೋಗುಗಳನ್ನು ಅದು ಕಂಪನಿಗೆ ತಾನಾಗಿಯೇ ತಿಳಿಸುತ್ತದೆ. ದೊಡ್ಡ ಸಂಸ್ಥೆಗಳಿಗೆ ಮಾರುವ ಆವೃತ್ತಿಯಲ್ಲಿ ಇದನ್ನು ಅತ್ಯಂತ ಕೆಳಮಟ್ಟಕ್ಕೆ ಇಳಿಸಲು ಅವಕಾಶವಿತ್ತು. ಮನೆಬಳಕೆಯ ಆವೃತ್ತಿಯಲ್ಲಿ ಆ ಅವಕಾಶವಿರಲಿಲ್ಲ. ಉಳ್ಳವನಿಗೆ ಬಾಗಿಲಿಗೆ ಚಿಲಕ, ಇಲ್ಲದವನಿಗೆ ಬರಿಯ ಪರದೆ!

ಅಷ್ಟಕ್ಕೇ ಮುಗಿಯಲಿಲ್ಲ. ಒಲ್ಲೆನೆಂದವರ ಪರದೆಯ ಮೇಲೂ ‘ಹೊಸದಕ್ಕೆ ಬನ್ನಿ’ ಎಂಬ ಕರೆ ಮತ್ತೆ ಮತ್ತೆ ಮೂಡತೊಡಗಿತು. 2016ರ ಬೇಸಗೆಯಲ್ಲಿ ಆ ಕರೆಯ ಪೆಟ್ಟಿಗೆಯನ್ನು ಮೂಲೆಯ ಅಡ್ಡಗೆರೆ ಗುರುತು ಒತ್ತಿ ಮುಚ್ಚಿದರೂ ಗೊತ್ತುಪಡಿಸಿದ ದಿನ ಹೊಸ ತಂತ್ರಾಂಶವು ಇಳಿಯುತ್ತಿತ್ತು. ಬೇಡವೆಂದು ಬಾಗಿಲು ಮುಚ್ಚಿದ್ದನ್ನು ಒಪ್ಪಿಗೆಯೆಂದು ಎಣಿಸಿದ ನ್ಯಾಯ ಇದು! ಅಡ್ಡಗೆರೆಯ ವಿಷಯದಲ್ಲಿ ತಾವು ಎಲ್ಲೆ ಮೀರಿದ್ದುಂಟೆಂದು ಕಂಪನಿಯ ಪ್ರಚಾರ ವಿಭಾಗದ ಮುಖ್ಯಸ್ಥರಾಗಿದ್ದ ಕ್ರಿಸ್ ಕಾಪೊಸೆಲಾ ಅವರೇ ಅದೇ ವರ್ಷದ ಕೊನೆಯಲ್ಲಿ ಒಪ್ಪಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸದ ಏಜೆನ್ಸಿ ನಡೆಸುತ್ತಿದ್ದ ಮಹಿಳೆಯೊಬ್ಬರು, ತಾವು ಕೇಳದೆಯೇ ಇಳಿದ ತಂತ್ರಾಂಶದಿಂದ ವ್ಯವಹಾರ ಕೆಟ್ಟಿತೆಂದು ಸಣ್ಣ ದಾವೆಗಳ ನ್ಯಾಯಾಲಯಕ್ಕೆ ಹೋಗಿ 10,000 ಡಾಲರ್ ಪರಿಹಾರ ಪಡೆದರು.

ಜಾಹೀರಾತೂ ಸಾಲುಸಾಲಾಗಿ ಬಂತು. 2016ರಲ್ಲಿ ಯಂತ್ರ ತೆರೆಯುವ ಮುನ್ನ ಕಾಣುವ ಬೀಗದ ಪರದೆಯ ಮೇಲೆ ಒಂದು ಆಟದ ಜಾಹೀರಾತು. 2017ರಲ್ಲಿ ನಮ್ಮ ಕಡತಗಳನ್ನು ಹುಡುಕುವ ಕಿಟಕಿಯಲ್ಲಿ ಕಂಪನಿಯ ಉಗ್ರಾಣಸೇವೆಯ ಜಾಹೀರಾತು. 2024ರಲ್ಲಿ ವಿಂಡೋಸ್ 11ರ ಸ್ಟಾರ್ಟ್ ಪಟ್ಟಿಯಲ್ಲಿ ‘ಶಿಫಾರಸು’ ಎಂಬ ಮರ್ಯಾದೆಯ ಹೆಸರು ಹೊತ್ತ ಜಾಹೀರಾತು. ಗೋಡೆ ನಮ್ಮದು, ಸುಣ್ಣ ನಮ್ಮದು, ತೆರಿಗೆ ಕಟ್ಟುವವರೂ ನಾವು; ಭಿತ್ತಿಪತ್ರ ಮಾತ್ರ ಪರರದು. ಪತ್ರಿಕೆಯಲ್ಲಿ ಜಾಹೀರಾತು ಬಂದರೆ ಓದುಗನಿಗೆ ಪತ್ರಿಕೆಯ ಬೆಲೆಯಾದರೂ ಇಳಿಯುತ್ತದೆ. ಕಂಪ್ಯೂಟರು ಕೊಳ್ಳುವಾಗಲೇ ತಂತ್ರಾಂಶದ ಬೆಲೆಯನ್ನು ಅದರೊಳಗೆ ತೆತ್ತವನಿಗೆ ಯಾವ ರಿಯಾಯಿತಿ ಸಿಕ್ಕಿತು?

ಕಂಪನಿಯ ಪಕ್ಷದ ವಾದವನ್ನೂ ಕೇಳೋಣ. ದೋಷ ಎಲ್ಲಿದೆಯೆಂದು ತಿಳಿಯಲು ಯಂತ್ರದಿಂದ ವರದಿ ಬೇಕು, ವರದಿಯಿಲ್ಲದೆ ದುರಸ್ತಿಯಾಗದು ಎಂಬುದು ಅದರ ವಾದ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಎಷ್ಟು ವರದಿ ಬೇಕು? ಫ್ರಾನ್ಸಿನ ಮಾಹಿತಿ ರಕ್ಷಣಾ ಸಂಸ್ಥೆಯಾದ ‘ಕ್ನಿಲ್’ 2016ರ ಜುಲೈ ತಿಂಗಳಲ್ಲಿ ಕಂಪನಿಗೆ ನೋಟೀಸು ಕೊಟ್ಟು, ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಸಂಗ್ರಹಿಸುತ್ತಿರುವೆ, ಒಪ್ಪಿಗೆಯಿಲ್ಲದೆ ಜಾಹೀರಾತು ಗುರುತುಸಂಖ್ಯೆಯನ್ನು ಚಾಲನೆಗೊಳಿಸಿರುವೆ ಎಂದು ಆಕ್ಷೇಪಿಸಿ ಮೂರು ತಿಂಗಳ ಗಡುವು ವಿಧಿಸಿತು. 2017ರ ಜೂನಿನಲ್ಲಿ ಆ ನೋಟೀಸನ್ನು ಮುಕ್ತಾಯಗೊಳಿಸುವ ಹೊತ್ತಿಗೆ, ಮೂಲಮಟ್ಟದ ವರದಿಯ ಗಾತ್ರವನ್ನು ಕಂಪನಿಯು ಸುಮಾರು ಅರ್ಧಕ್ಕೆ ಇಳಿಸಿತ್ತು. ಅರ್ಧ ಇಳಿಸಿದ ಮೇಲೂ ವಿಂಡೋಸ್ ನಡೆಯಿತು, ದುರಸ್ತಿಯೂ ನಡೆಯಿತು. ಹಾಗಿದ್ದರೆ ಆ ಮೊದಲಿನ ಅರ್ಧ ಯಾರಿಗಾಗಿ ಬೇಕಾಗಿತ್ತು? 2017ರ ಅಕ್ಟೋಬರಿನಲ್ಲಿ ನೆದರ್‌ಲ್ಯಾಂಡಿನ ಅಧಿಕಾರಿಗಳೂ, ಏನನ್ನು ಏತಕ್ಕೆ ಸಂಗ್ರಹಿಸುತ್ತೇನೆಂದು ಸ್ಪಷ್ಟವಾಗಿ ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲವೆಂದು ನಿರ್ಣಯಿಸಿದರು.

ಇನ್ನೂ ಹತ್ತಿರದ ಉದಾಹರಣೆ ಬೇಕೆ? 2024ರ ಮೇ ತಿಂಗಳಲ್ಲಿ ಕಂಪನಿಯು ‘ರಿಕಾಲ್’ ಎಂಬ ಹೊಸ ಸೌಕರ್ಯವನ್ನು ಪ್ರಕಟಿಸಿತು. ಕೆಲವು ಕ್ಷಣಗಳಿಗೊಮ್ಮೆ ಪರದೆಯ ಚಿತ್ರವನ್ನು ತೆಗೆದಿಟ್ಟು, ಮುಂದೆ ಬೇಕಾದಾಗ ಹುಡುಕಿಕೊಡುವುದು ಅದರ ಕೆಲಸ. ಚಿತ್ರಗಳು ಯಂತ್ರದಲ್ಲಿಯೇ ಇರುತ್ತವೆ ಎಂಬ ಸಮಾಧಾನದ ಮಾತೂ ಬಂತು. ಆದರೆ ಅವು ಸುಲಭವಾಗಿ ಕಳ್ಳರ ಕೈಗೆ ಸಿಕ್ಕಬಲ್ಲವೆಂದು ತಂತ್ರಜ್ಞರು ತೋರಿಸಿಕೊಟ್ಟರು. ಗಲಾಟೆ ಎದ್ದಿತು. ಕಂಪನಿ ಅದನ್ನು ಮುಂದಕ್ಕೆ ಹಾಕಿ, ಕೇಳಿ ಹಾಕಿಸಿಕೊಂಡವರಿಗೆ ಮಾತ್ರ ಎಂದು ತಿದ್ದಿ, 2025ರಲ್ಲಿ ಹೊರತಂದಿತು. ಇದರಿಂದ ಕಲಿಯತಕ್ಕ ಪಾಠವಿಷ್ಟೆ: ‘ಆಗದು, ಇದು ತಂತ್ರದ ಅನಿವಾರ್ಯತೆ’ ಎಂದು ಹೇಳುವ ಕಂಪನಿ, ಜನ ಕೇಳಿದಾಗ ‘ಆಗುತ್ತದೆ’ ಎಂದು ಹೇಳಲೂ ಬಲ್ಲದು.

ಒಂದು ಕಂಪನಿಯ ಮೇಲೆ ನಮಗೇನೂ ಹಗೆಯಿಲ್ಲ. ಕೈಯಲ್ಲಿರುವ ಮೊಬೈಲಿನಲ್ಲಿಯೂ ಇಂಥದೇ ಜಾಹೀರಾತು ಗುರುತುಸಂಖ್ಯೆಯಿದೆ. ಮುಕ್ತ ತಂತ್ರಾಂಶವೆಂದು ಹೆಸರಾದ ಉಬುಂಟು ಸಹ 2012ರಲ್ಲಿ, ಬಳಕೆದಾರ ತನ್ನ ಯಂತ್ರದಲ್ಲಿ ಹುಡುಕಿದ ಮಾತಿಗೆ ಅಮೆಜಾನ್ ಅಂಗಡಿಯ ಸರಕನ್ನು ತೋರಿಸತೊಡಗಿತ್ತು. ಆದರೆ ಅಲ್ಲಿ ತಂತ್ರಾಂಶದ ಬರವಣಿಗೆ ಎಲ್ಲರ ಕಣ್ಣಿಗೂ ತೆರೆದಿತ್ತು. ಕಿತ್ತುಹಾಕಲು ಬಲ್ಲವರು ಕಿತ್ತುಹಾಕಿದರು. ಟೀಕೆಗೆ ಮಣಿದು 2016ರಲ್ಲಿ ಅದನ್ನು ತಾನಾಗಿ ನಡೆಯದಂತೆ ಮಾಡಲಾಯಿತು. ಲಾಭದ ಆಸೆ ಎಲ್ಲೆಡೆಯೂ ಉಂಟು. ಒಳಗೆ ಇಣುಕಿ ನೋಡುವ ಹಕ್ಕು ಎಲ್ಲಿದೆ, ಎಲ್ಲಿಲ್ಲ ಎಂಬುದೇ ಮುಖ್ಯ ಪ್ರಶ್ನೆ. ಮುಚ್ಚಿದ ತಂತ್ರಾಂಶವನ್ನು ನಮಗೆ ಮಾರುವುದೇ ಇಲ್ಲ, ಬಳಸಲು ಅನುಮತಿ ಕೊಡುತ್ತಾರೆ ಅಷ್ಟೆ. ಪೂರ್ತಿ ಬೆಲೆ ತೆತ್ತವನೂ ಗೇಣಿದಾರನಾಗಿಯೇ ಉಳಿಯುತ್ತಾನೆ. ಒಡೆಯ ಯಾವಾಗ ಬೇಕಾದರೂ ಹಿತ್ತಲ ಬಾಗಿಲಿನಿಂದ ಬಂದು ಹೋಗಬಹುದು.

ನಮ್ಮ ದೇಶದ ಸ್ಥಿತಿ ಏನು? ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಆ ತೀರ್ಪಿನ ಆರು ವರ್ಷಗಳ ತರುವಾಯ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ! ಬಡವನ ಮನೆಯ ವಿದ್ಯುತ್ ಬಾಕಿಗೆ ಹದಿನೆಂಟು ದಿನಗಳ ತಾಳ್ಮೆಯನ್ನೂ ತೋರದ ಆಡಳಿತ ಇಲ್ಲಿ ಎಷ್ಟು ಸಹನಾಮೂರ್ತಿಯಾಗಿದೆ, ನೋಡಿರಿ.

ಆದರೂ ಆ ಕಾಯಿದೆಯ 6ನೆಯ ಕಲಮಿನಲ್ಲಿ ಒಳ್ಳೆಯ ಮಾತುಗಳಿವೆ. ಒಪ್ಪಿಗೆಯು ಮುಕ್ತವಾಗಿ, ನಿರ್ದಿಷ್ಟವಾಗಿ, ತಿಳಿದು ಕೊಟ್ಟದ್ದಾಗಿ, ಷರತ್ತಿಲ್ಲದೆ ಇರಬೇಕು. ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಮಾಹಿತಿಗೆ ಮಾತ್ರ ಅದು ಸಲ್ಲಬೇಕು. ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವಿರಬೇಕು. ಅಂದರೆ ಕನ್ನಡದಲ್ಲಿ ಓದಿ ತಿಳಿದು ಒಪ್ಪುವುದು ಅಥವಾ ನಿರಾಕರಿಸುವುದು ಕನ್ನಡಿಗನ ಹಕ್ಕು. ಇಂಗ್ಲಿಷಿನ ಮಾರುದ್ದದ ಕರಾರನ್ನು ಪರದೆಯ ಮೇಲೆ ಹರಿಯಬಿಟ್ಟು, ಕೊನೆಗೆ ಕಂಡ ಗುಂಡಿಯನ್ನು ಒತ್ತಿಸಿಕೊಂಡು, ‘ನೀನೇ ಒಪ್ಪಿದ್ದೀಯೆ’ ಎನ್ನುವ ಆಟ ಇನ್ನು ಸಾಕು. ಕಾಯಿದೆಯ ಈ ಮಾತುಗಳು ಕಾಗದದಲ್ಲಿ ಉಳಿಯದೆ ಕಂಪ್ಯೂಟರಿನ ಪರದೆಗೆ ಇಳಿಯಬೇಕಾದರೆ ಜನ ಕೇಳಬೇಕು.

ನಾವು ಸರ್ಕಾರಗಳನ್ನು ಕೇಳುವುದು ಇಷ್ಟು. ಮೊದಲನೆಯದಾಗಿ, ಭದ್ರತೆಯ ದುರಸ್ತಿಯನ್ನು ಖಾತೆ, ಜಾಹೀರಾತು, ಮಾಹಿತಿ ಒಪ್ಪಿಸುವಿಕೆ ಇವುಗಳ ಷರತ್ತಿಲ್ಲದೆ ಒದಗಿಸತಕ್ಕದ್ದೆಂದು ವಿಧಿಸಬೇಕು. ಯೂರೋಪಿಗೆ ಕೊಟ್ಟ ರಿಯಾಯಿತಿ ಭಾರತಕ್ಕೆ ಏಕಿಲ್ಲವೆಂದು ಕೇಂದ್ರ ಸರ್ಕಾರ ಬಾಯಿಬಿಟ್ಟು ಕೇಳಬೇಕು. ಎರಡನೆಯದಾಗಿ, ಜಾಹೀರಾತಿನ ಗುಂಡಿಗಳು ಯಂತ್ರ ಕೊಂಡ ದಿನ ಮುಚ್ಚಿರಬೇಕು, ಬೇಕಾದವನು ತೆರೆದುಕೊಳ್ಳಲಿ. ಮೂರನೆಯದಾಗಿ, ಸರ್ಕಾರದ ಕಚೇರಿಗಳೂ ಶಾಲೆಗಳೂ ಒಂದೇ ಕಂಪನಿಯ ಬಾಗಿಲಲ್ಲಿ ನಿಲ್ಲುವುದು ತಪ್ಪಬೇಕು. ನೆರೆಯ ಕೇರಳವು ಸುಮಾರು ಎರಡು ದಶಕಗಳಿಂದ ತನ್ನ ಶಾಲೆಗಳಲ್ಲಿ ಮುಕ್ತ ತಂತ್ರಾಂಶದಿಂದಲೇ ಪಾಠ ನಡೆಸುತ್ತಿದೆ. ಜರ್ಮನಿಯ ಶ್ಲೇಸ್ವಿಗ್-ಹೋಲ್‌ಸ್ಟೈನ್ ಪ್ರಾಂತವು ಸುಮಾರು 30,000 ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶಕ್ಕೆ ಬದಲಿಸುವ ತೀರ್ಮಾನವನ್ನು 2024ರಲ್ಲಿ ಕೈಗೊಂಡಿತು. ನಮ್ಮ ಕಚೇರಿಗಳ ಕನ್ನಡವು ‘ನುಡಿ’ ತಂತ್ರಾಂಶದೊಡನೆ ಬಹುಕಾಲ ವಿಂಡೋಸನ್ನೇ ನೆಚ್ಚಿ ನಡೆಯಿತು. ಯೂನಿಕೋಡ್ ಬಂದ ಮೇಲೆ ಆ ಕಟ್ಟು ಉಳಿದಿಲ್ಲ. ಲಿನಕ್ಸಿನಲ್ಲಿಯೂ ಕನ್ನಡವನ್ನು ಸರಾಗವಾಗಿ ಬರೆಯಬಹುದು, ಕಗಪ ಕೀಲಿಮಣೆಯೂ ಅಲ್ಲಿದೆ. ಇಲ್ಲದಿರುವುದು ಸರ್ಕಾರದ ಮನಸ್ಸೊಂದೇ.

ವಾಚಕರಿಗೂ ಒಂದು ಮಾತು. ವಿಂಡೋಸ್ ಉಳ್ಳವರು ಸೆಟ್ಟಿಂಗಿನ ಪ್ರೈವೆಸಿ ಭಾಗಕ್ಕೆ ಹೋಗಿ ಜಾಹೀರಾತು ಗುರುತುಸಂಖ್ಯೆಯನ್ನೂ, ಐಚ್ಛಿಕವೆಂದು ಬರೆದಿರುವ ವರದಿಗಳನ್ನೂ ನಿಲ್ಲಿಸಿರಿ. ಎಲ್ಲವೂ ನಿಲ್ಲುವುದಿಲ್ಲ, ಆದರೂ ಕೆಲವಾದರೂ ನಿಲ್ಲುತ್ತವೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮುಂತಾದವು ಬೇಕೆಂಬ ಕಾರಣಕ್ಕೆ ಚೆನ್ನಾಗಿ ನಡೆಯುವ ಯಂತ್ರವನ್ನು ಗುಜರಿಗೆ ಹಾಕಬೇಡಿರಿ. ಬಲ್ಲ ಹುಡುಗರನ್ನು ಕರೆದು ಅದರಲ್ಲಿ ಲಿನಕ್ಸ್ ಹಾಕಿಸಿ ನೋಡಿರಿ. ಕಾಲೇಜು ಕಲಿತ ಯುವಕರು ತಮ್ಮ ಊರಿನ ಶಾಲೆಗೆ ಒಂದು ಭಾನುವಾರವನ್ನು ಕೊಟ್ಟರೆ ಈ ಕೆಲಸ ಆಗುತ್ತದೆ.

ಆದರೆ ಒಬ್ಬೊಬ್ಬರು ಒಂದೊಂದು ಗುಂಡಿ ಒತ್ತುವುದರಿಂದ ಇದು ಬಗೆಹರಿಯುವ ವ್ಯಾಜ್ಯವಲ್ಲ. ಮುಂದಿನ ದುರಸ್ತಿಯೊಡನೆ ಆ ಗುಂಡಿಯ ಜಾಗವನ್ನೇ ಬದಲಿಸುವ ಅಧಿಕಾರ ಕಂಪನಿಯ ಕೈಯಲ್ಲಿದೆ. ಆ ಅಧಿಕಾರಕ್ಕೆ ಕಾಯಿದೆಯ ಲಗಾಮು ಬೀಳಬೇಕು. ಯೂರೋಪಿನ ಜನ ಕೇಳಿದರು, ಪಡೆದರು. ನಾವು ಕೇಳದೆ ಕುಳಿತರೆ, ನಮ್ಮ ಮೌನವನ್ನೂ ಕಂಪನಿಯು ಒಪ್ಪಿಗೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ.