ಕತ್ತಲೆಕೋಣೆಯ ಕಾಫಿ, ಹಳ್ಳದ ನೀರು

ಕಾಫಿಯಲ್ಲಿ ಫಿಲ್ಮ್ ತೊಳೆಯಬಹುದೆಂದರೆ ಕಾಫಿ ಬೆಳೆಯುವವರೇ ನಂಬಲಾರರು. ಆದರೆ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ 1995ರಲ್ಲಿ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ಇದನ್ನು ಮಾಡಿ ತೋರಿಸಿದರು. ಕೊಡಾಕ್ ಕಂಪನಿಯ ತವರೂರಿನಲ್ಲಿಯೇ ಕೊಡಾಕ್ ರಾಸಾಯನಿಕಗಳಿಗೆ ಬದಲಿ ಹುಟ್ಟಿದ್ದು ತಮಾಷೆಯೇ ಸರಿ. ಈ ದ್ರಾವಣಕ್ಕೆ ಕೆಫೆನಾಲ್ ಎಂದು ಹೆಸರು.

ಹವ್ಯಾಸಿಗಳು ಇಂದು ಬಳಸುವ ಒಂದು ಪಾಕ ಹೀಗಿದೆ: ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ. ಬೆಳಕು ತಾಗಿದ ಬೆಳ್ಳಿಯ ಲವಣವನ್ನು ಕಪ್ಪು ಬೆಳ್ಳಿಯಾಗಿ ಪರಿವರ್ತಿಸುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲದಂಥ ಫೀನಾಲಿಕ್ ವಸ್ತುಗಳು. ಆದ್ದರಿಂದ ಸ್ವಾದಕ್ಕೆ ಹೆಸರಾದ ಅರೇಬಿಕಾಕ್ಕಿಂತ ಅಗ್ಗದ ರೊಬಸ್ಟಾವೇ ಇಲ್ಲಿ ಮೇಲೆಂದು ಪಳಗಿದವರು ಹೇಳುತ್ತಾರೆ. ಚಿಕೋರಿ ಬೆರೆತದ್ದು ಬೇಡ. ಅಡುಗೆ ಸೋಡಾ ಹಾಕಿದರೆ ಕ್ಷಾರ ಸಾಲದೆ ಚಿತ್ರವೇ ಮೂಡದು. ಮಲೆನಾಡಿನ ಚಳಿಗಾಲದ ಮುಂಜಾವಿನಲ್ಲಿ 20 ಡಿಗ್ರಿಗಾಗಿ ಮಂಜುಗಡ್ಡೆ ಹುಡುಕಬೇಕಿಲ್ಲ. ವಾಸನೆ ಮಾತ್ರ ಅಸಹ್ಯ. ಕಾಗದದ ಪ್ರಿಂಟಿಗೆ ಕಂದು ಕಲೆಯೂ ಹತ್ತುತ್ತದೆ.

ಮೆಟಾಲ್, ಹೈಡ್ರೋಕ್ವಿನೋನ್‌ಗಳ ಬದಲು ಅಡುಗೆಮನೆಯ ವಸ್ತುಗಳನ್ನು ಬಳಸುವುದು ಸ್ವಾಗತಾರ್ಹ. ಆದರೆ ಇದನ್ನೇ 'ಹಸಿರು ಛಾಯಾಗ್ರಹಣ'ವೆಂದು ಕರೆದು ಸಮಾಧಾನಪಟ್ಟುಕೊಳ್ಳುವುದು ಅರ್ಧಸತ್ಯ. ಡೆವಲಪರ್ ಮೊದಲ ಹಂತ ಮಾತ್ರ. ಅನಂತರ ಚಿತ್ರವನ್ನು ಸ್ಥಿರಗೊಳಿಸಲು ಹೈಪೋ ಬೇಕೇ ಬೇಕು. ಅದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಜಾನ್ ಹರ್ಷೆಲ್ 1819ರಲ್ಲಿಯೇ ಕಂಡುಕೊಂಡಿದ್ದರು. ಎರಡು ಶತಮಾನ ಕಳೆದರೂ ಅದರ ಸ್ಥಾನಕ್ಕೆ ಅಡುಗೆಮನೆಯಿಂದ ಸಮರ್ಥ ಬದಲಿ ಬಂದಿಲ್ಲ. ಉಪ್ಪಿನ ಗಟ್ಟಿ ದ್ರಾವಣ ಆ ಕೆಲಸವನ್ನು ಮಾಡಬಲ್ಲದು, ಆದರೆ ಬಹು ನಿಧಾನವಾಗಿ.

ಹೊಸ ಹೈಪೋ ಅಷ್ಟೇನೂ ಅಪಾಯಕಾರಿಯಲ್ಲ. ಬಳಸಿದ ಹೈಪೋದ ಮಾತೇ ಬೇರೆ, ಫಿಲ್ಮಿನಿಂದ ಬಿಟ್ಟ ಬೆಳ್ಳಿಯೆಲ್ಲ ಅದರೊಳಗೇ ಇರುತ್ತದೆ. ಥಯೋಸಲ್ಫೇಟಿನೊಡನೆ ಬೆಸೆದುಕೊಂಡಿರುವ ಬೆಳ್ಳಿ ಬಿಡಿ ಅಯಾನಿನಷ್ಟು ವಿಷವಲ್ಲವೆಂಬುದು ನಿಜ. ಬಿಡಿ ಅಯಾನಾದರೋ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೀನಿನ ಜೀವ ತೆಗೆಯಬಲ್ಲದು. ನಗರದಲ್ಲಿ ಸಿಂಕಿಗೆ ಸುರಿದದ್ದು ಒಳಚರಂಡಿ ಸೇರಿ ಶುದ್ಧೀಕರಣ ಘಟಕಕ್ಕೆ ಹೋಗಬಹುದು. ಗುಡ್ಡದ ಊರಿನಲ್ಲಿ ಬಚ್ಚಲ ನೀರು ನೇರವಾಗಿ ತೋಟಕ್ಕೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ಕೆಳಗಿನ ಮನೆಯವರು ಕೊಡ ಅದ್ದುವುದು ಅದೇ ಹಳ್ಳದಲ್ಲಿ. ಒಂದೆರಡು ರೋಲಿನಿಂದ ಊರು ಹಾಳಾಗದು, ಸರಿ. ಆದರೆ ಕಾಲೇಜಿನ ಛಾಯಾಗ್ರಹಣ ಸಂಘವೊಂದು ವರ್ಷವಿಡೀ ಸುರಿದರೆ ಲೆಕ್ಕ ಬೇರೆಯಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಬಳಸಿದ ಹೈಪೋವನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ಪಾತ್ರೆ ಉಜ್ಜುವ ಕಬ್ಬಿಣದ ನಾರನ್ನು ಅದರಲ್ಲಿ ಮುಳುಗಿಸಿ ಕೆಲ ದಿನ ಬಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕಿಳಿಯುತ್ತದೆ. ಕೆಸರನ್ನು ಸೋಸಿ ತೆಗೆದಿಡಬೇಕು. ಉಳಿದ ದ್ರವವೂ ನೀರಿನ ಆಮ್ಲಜನಕವನ್ನು ಹೀರುವುದರಿಂದ ಹಳ್ಳಕ್ಕೆ ಬೇಡ. ಪಟ್ಟಣದ ಸ್ಟುಡಿಯೋ, ಎಕ್ಸ್-ರೇ ಕೇಂದ್ರಗಳಿಂದ ಹಳೆಯ ಹೈಪೋವನ್ನು ಬೆಳ್ಳಿಗಾಗಿಯೇ ಕೊಳ್ಳುವವರು ಹಿಂದೆ ಇದ್ದರು. ಅಂದು ಲಾಭಕ್ಕಾಗಿ ನಡೆದದ್ದು ಇಂದು ಹಳ್ಳಕ್ಕಾಗಿ ನಡೆಯಬಾರದೇಕೆ?

ನೀರಿನ ಖರ್ಚೂ ಇದೆ. ಕೊನೆಯಲ್ಲಿ ನಲ್ಲಿ ಬಿಟ್ಟು ಅರ್ಧ ತಾಸು ಫಿಲ್ಮ್ ತೊಳೆಯುವ ರೂಢಿ ಬೇಸಿಗೆಯ ಮಲೆನಾಡಿಗೆ ಸಲ್ಲದು. ಇಲ್‌ಫೋರ್ಡ್ ಕಂಪನಿಯೇ ಸೂಚಿಸಿದ ಕ್ರಮದಲ್ಲಿ ಟ್ಯಾಂಕಿಗೆ ಮೂರು ಸಲ ಹೊಸ ನೀರು ತುಂಬಿ, ಕ್ರಮವಾಗಿ 5, 10, 20 ಬಾರಿ ತಿರುವಿದರೆ ಸಾಕು. ಒಂದು ರೋಲಿನ ಟ್ಯಾಂಕಾದರೆ ಒಂದು ಲೀಟರಿಗಿಂತ ತುಸು ಹೆಚ್ಚು ನೀರಿನಲ್ಲಿ ಕೆಲಸ ಮುಗಿಯುತ್ತದೆ. ಈ ಮೂರು ನೀರಿನಲ್ಲಿ ಮೊದಲನೆಯದು ಸೇರಬೇಕಾದುದೂ ಹೈಪೋದ ಕ್ಯಾನಿಗೇ.