ಊರುಗಳ ಜಾತಕ

ಅಮೆರಿಕದ ರಾಲಿ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿಯೇ ಮನೆ ಕೊಳ್ಳಬೇಕೆಂದಿದ್ದಾನೆ. “ಈ ಊರು ಮುಂದೆ ಮಹಾನಗರವಾದೀತೇ, ಮೇಷ್ಟ್ರೇ?” ಎಂದು ಅವನ ಪ್ರಶ್ನೆ. ಹಳಗನ್ನಡ ಪಾಠ ಹೇಳುವವನನ್ನು ಕೇಳತಕ್ಕ ಪ್ರಶ್ನೆಯೇ ಇದು! ಆದರೂ ಜನಗಣತಿಯ ಅಂಕೆಗಳನ್ನು ತಿರುವಿ ನೋಡಿದೆ.

ಊರಿನ ಜಾತಕ ಬರೆಯುವುದು ಮನುಷ್ಯನ ಜಾತಕ ಬರೆಯುವುದಕ್ಕಿಂತ ಕಷ್ಟ. 1900ರಲ್ಲಿ ಸೇಂಟ್ ಲೂಯಿಸ್ ಆ ದೇಶದ ನಾಲ್ಕನೆಯ ದೊಡ್ಡ ನಗರ. ಮಿಸಿಸಿಪಿಯ ದಡ, ರೈಲುಮಾರ್ಗಗಳ ಸಂಗಮ, ಯಾವುದಕ್ಕೆ ಕೊರತೆ? 1950ರಲ್ಲಿ ಎಂಟೂವರೆ ಲಕ್ಷ ಜನರಿದ್ದ ಆ ಊರಿನಲ್ಲಿ 2020ರ ಗಣತಿಯ ವೇಳೆಗೆ ಉಳಿದವರು ಮೂರು ಲಕ್ಷ. ಬಹುಮಂದಿ ಸುತ್ತಲಿನ ಉಪನಗರಗಳನ್ನು ಸೇರಿದ್ದರು. ಅದೇ ಅವಧಿಯಲ್ಲಿ ಟೆಕ್ಸಾಸಿನ ಆಸ್ಟಿನ್ 1,32,459ರಿಂದ 9,61,855ಕ್ಕೆ ಏರಿತು. ರಾಜ್ಯದ ರಾಜಧಾನಿ, ಜೊತೆಗೆ ವಿಶ್ವವಿದ್ಯಾನಿಲಯ, ಅದನ್ನು ನೆಚ್ಚಿ ಬಂದ ಗಣಕಯಂತ್ರದ ಉದ್ಯಮಗಳು.

ನಾರ್ತ್ ಕೆರೊಲಿನಾದ ರಾಜಧಾನಿಯಾದ ರಾಲಿಗೂ ಈ ಭಾಗ್ಯವುಂಟು. ಓದಿದ ತರುಣರು ಕೆಲಸಕ್ಕಾಗಿ ರಾಜ್ಯವನ್ನೇ ಬಿಟ್ಟುಹೋಗುತ್ತಿದ್ದುದನ್ನು ಕಂಡು, ರಾಲಿ, ಡರ್ಹಮ್, ಚಾಪೆಲ್ ಹಿಲ್‌ಗಳ ಮೂರು ವಿಶ್ವವಿದ್ಯಾನಿಲಯಗಳ ನಡುವೆ 1959ರಲ್ಲಿ ಸಂಶೋಧನೆಗೆಂದೇ ಒಂದು ವಿಶಾಲ ಕ್ಷೇತ್ರವನ್ನು ಸ್ಥಾಪಿಸಿದರು. 1950ರಲ್ಲಿ ಅರವತ್ತಾರು ಸಾವಿರದಷ್ಟಿದ್ದ ರಾಲಿಯ ಜನಸಂಖ್ಯೆ 2020ರಲ್ಲಿ 4,67,665.

ಮರುಭೂಮಿಯ ಫೀನಿಕ್ಸ್ ಹದಿನಾರು ಲಕ್ಷವನ್ನು ಮುಟ್ಟಿದೆ, ನಿಜ. ಆದರೆ ಅಂತರ್ಜಲವನ್ನೇ ನಂಬಿದ ಹೊಸ ಬಡಾವಣೆಗಳಿಗೆ 2023ರಲ್ಲಿ ಅಲ್ಲಿ ತಡೆಯೊಡ್ಡಬೇಕಾಯಿತು. ರಾಲಿಯಲ್ಲಾದರೋ ಮಳೆಗೆ ಬರವಿಲ್ಲ.

“ಕೊಳ್ಳಪ್ಪಾ” ಎಂದು ಬರೆದೆ. ಆಸ್ಟಿನ್ ಬೆಳೆದಂತೆಲ್ಲ ಮನೆಗಳ ಬೆಲೆಯೂ ಬೆಳೆದು, ಹಳಬರಲ್ಲಿ ಅನೇಕರು ಊರ ಹೊರಗೆ ಸರಿಯಬೇಕಾಯಿತೆಂಬುದನ್ನೂ ಕೆಳಗೆ ಸೇರಿಸಿದೆ. ಅವನ ಉತ್ತರ ಇನ್ನೂ ಬಂದಿಲ್ಲ.